ಒಂದೇ ಸಲ ಕೂಗಿದವರು

ಈಗಷ್ಟೇ ಗೇಟಿನ ಕಡೆಯಿಂದ ಯಾರೋ "ಶಾಂತೂ" ಅಂತ ಅಮ್ಮನನ್ನು ಕೂಗಿದರು. ಒಂದೇ ಸಲ. ಅಡುಗೆಮನೆಯಲ್ಲಿ ಅಮ್ಮ ಒಗ್ಗರಣೆಗೆ ಎಣ್ಣೆ ಇಟ್ಟಿದ್ದಳು. ಅವಳು ಓಗೊಡುವ ಮೊದಲೇ ನಾನು ನಡುಮನೆಯಿಂದ, "ತಡಿ ಅಮ್ಮ, ಇನ್ನೆರಡು ಸಲ ಕೂಗಲಿ" ಅಂದೆ. ಇಪ್ಪತ್ತು ವರ್ಷದ ನನ್ನ ಮಾತಿಗೆ ನಮ್ಮ ತುಮಕೂರಿನ ಮನೆಯಲ್ಲಿ ಒಂದು ಕಟ್ಟು ಸೊಪ್ಪಿನ ಬೆಲೆಯೂ ಇಲ್ಲ. ಆದರೂ ಅವಳು ಯಾಕೋ ಒಲೆ ಸಣ್ಣಗೆ ಮಾಡಿ ಸುಮ್ಮನಾದಳು. ಎರಡನೇ ಕೂಗು ಬರುವಷ್ಟರಲ್ಲಿ ನಿಮಗೆ ಮಟಕಿ ಎಂಬ ಹಳ್ಳಿಯ ಸಂಗತಿ ಹೇಳಿಬಿಡುತ್ತೇನೆ.

ನಮ್ಮದು ಕ್ರೈಸ್ತರಲ್ಲೇ ಮಾರ್ಮನ್ ಎಂಬ ಪಂಥ. ಹದಿನೆಂಟಾದ ಹುಡುಗರು ಮನೆ ಬಿಟ್ಟು ಗೊತ್ತಿಲ್ಲದ ಊರಿಗೆ ಸೇವೆಗೆ ಹೋಗುವುದು ನಮ್ಮಲ್ಲಿ ರೂಢಿ. ನನ್ನ ಪಾಲಿಗೆ ಬಂದದ್ದು ಆಳಂದ, ಅದೂ ನಡು ಬೇಸಿಗೆಯಲ್ಲಿ. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಬಿಲ್ಲೆ. ಆ ಬಿಸಿಲಿನಲ್ಲಿ ಟೈ ಕಟ್ಟುವುದೆಂದರೆ ಬಿಸಿ ರೊಟ್ಟಿಯನ್ನು ಕೊರಳಿಗೆ ಸುತ್ತಿಕೊಂಡ ಹಾಗೆ. ಬಿಲ್ಲೆಯ ಮೇಲೆ ನನ್ನ ಹೆಸರಿಗೆ ಮೊದಲು "ಎಲ್ಡರ್" ಅಂತ ಇತ್ತು. ಎಲ್ಡರ್ ಅಂದರೆ ಹಿರಿಯರು. ಮೀಸೆ ಮೂಡಬೇಕೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದ ನಾನು ಹಿರಿಯರು! ಬಿಲ್ಲೆಯ ಮಾನ ಉಳಿಸಲಿಕ್ಕೆಂದು ನಾನೊಂದು ದನಿ ತಯಾರು ಮಾಡಿಕೊಂಡಿದ್ದೆ. ಹೊಟ್ಟೆಯಾಳದಿಂದ ಎದ್ದು ಬರುವ ದಪ್ಪ ಗಂಡುದನಿ. ಕನ್ನಡಿಯ ಮುಂದೆ ಅದನ್ನು ಆಡಿ ನೋಡಿ ನಾನೇ ಎಷ್ಟೋ ಸಲ ನನಗೆ ನಮಸ್ಕಾರ ಮಾಡಿದ್ದೇನೆ.

ಎಲ್ಲಿ ಹೋದರೂ ಇಬ್ಬರೇ ಹೋಗಬೇಕು, ಒಬ್ಬರನ್ನು ಬಿಟ್ಟು ಒಬ್ಬರು ಅಲ್ಲಾಡಬಾರದು. ನನ್ನ ಜೋಡಿ ಬಾಬು, ರಾಜಮಂಡ್ರಿಯವನು. ಬಾಗಿಲಿಗೆ ತಲೆ ತಗ್ಗಿಸಿಯೇ ಬರುವಷ್ಟು ಎತ್ತರ, ಹಲ್ಲಿ ಕಂಡರೆ ಮಾತ್ರ ಮಂಚ ಹತ್ತುತ್ತಿದ್ದ. ಅವನಿಗೆ ಬರುತ್ತಿದ್ದ ಕನ್ನಡ ಒಂದೇ ಪದ, "ಹೌದ್ರಿ". ಯಾರು ಏನೇ ಕೇಳಲಿ, ಹೌದ್ರಿ. ಜೇವರ್ಗಿಗೆ ಹೊರಟ ದಿನ ಕಂಡಕ್ಟರ್ "ಅಫಜಲಪುರಕ್ಕೇನ್ರಿ?" ಅಂದ, ಇವನು "ಹೌದ್ರಿ" ಅಂದ. ನಾವು ಅಫಜಲಪುರ ನೋಡಿಕೊಂಡು ಬಂದೆವು.

ಉಪದೇಶ ನಮ್ಮ ಕೆಲಸವಾಗಿರಲಿಲ್ಲ. ಕೈಲಾಗದವರ ಮನೆಗೆ ನೀರು ಹೊರುವುದು, ಹಾರಿಹೋದ ತಗಡು ಕಟ್ಟುವುದು, ಇಂಥವೇ. ಆಳಂದದ ಹತ್ತಿರದ ಮಟಕಿಯಲ್ಲಿ ಯಾರ ಮನೆಗೆ ಏನು ಬೇಕು ಎಂದು ಹೇಳುತ್ತಿದ್ದವಳು ಚಹಾದಂಗಡಿಯ ಚಾಂದಬಿ.

"ಆ ಬೇವಿನ ಗಿಡದ ಮನಿಗಿ ಎರಡ್ ಕೊಡ ನೀರ್ ಹಾಕ್ರಿ ಬೇಟಾ," ಅಂದಳು ಒಂದು ದಿನ. "ನೀಲವ್ವನ ಗಂಡ ಮಲ್ಲಪ್ಪ ಹಾವು ಕಡದ್ ಸತ್ತಾನ, ಇನ್ನಾ ತಿಂಗಳಾಗಿಲ್ಲ. ಅಕಿ ಕಾಲ್ ಮುರಕೊಂಡ್ ಬಿದ್ದಾಳ. ಮಲ್ಲಪ್ಪನ ಅವ್ವಗ ಕಣ್ಣ ಕಾಣಂಗಿಲ್ಲ. ಆ ಮುದುಕಿ ಹಾಳ ಬಾವ್ಯಾಗ ಇಳದು ನೀರ್ ತರ್ತಾಳ. ಒಂದಿನ ಅಲ್ಲೇ ಉಳೀತಾಳ ನೋಡ್ರಿ."

ಮಟಮಟ ಮಧ್ಯಾಹ್ನ ಹೋದೆವು. ಓಣಿಯಲ್ಲಿ ಒಂದು ನಾಯಿಯಿಲ್ಲ. ನೆರಳುಗಳು ಕೂಡ ಮನೆಯೊಳಗೆ ಹೋಗಿ ಮಲಗಿದ್ದವು. ಮುಚ್ಚಿದ ಬಾಗಿಲ ಮುಂದೆ ನಿಂತು ನನ್ನ ಹಿರಿಯರ ದನಿ ತೆಗೆದು, "ನೀಲವ್ವಾ" ಅಂದೆ. ಒಳಗೆ ಪಾತ್ರೆಯ ಸದ್ದಾಗುತ್ತಿತ್ತು, ತಟ್ಟನೆ ನಿಂತಿತು. ಬಾಗಿಲ ಆಚೆ ಯಾರೋ ಉಸಿರು ಹಿಡಿದು ನಿಂತದ್ದು ನನಗೆ ಗೊತ್ತಾಗುತ್ತಿತ್ತು. ಕಷ್ಟದಲ್ಲಿರುವವರನ್ನು ಬಾಗಿಲು ಬಡಿದು ಪೀಡಿಸಬಾರದು, ಮರ್ಯಾದೆಯಿಂದ ಒಂದೇ ಸಲ ಕರೆಯಬೇಕು ಎಂಬುದು ನಾವಿಬ್ಬರೂ ಮಾಡಿಕೊಂಡಿದ್ದ ಶಿಸ್ತು. ಕೊಡಗಳನ್ನು ಹೊಸ್ತಿಲ ಬಳಿ ಇಟ್ಟು ಬಂದೆವು.

ಮರುದಿನ ಹೋದರೆ ಕೊಡಗಳು ಇಟ್ಟ ಹಾಗೇ ತುಂಬಿ ನಿಂತಿದ್ದವು. ಅವುಗಳ ಬಾಯಿಗೆ ಬೇವಿನ ಸೊಪ್ಪು ಅಡ್ಡ ಇಟ್ಟಿತ್ತು. ಸುತ್ತಲೂ ಬೂದಿಯ ಗೆರೆ. ಬಾಬು ನನ್ನ ತೋಳು ಹಿಡಿದ. ಆ ಹಿಡಿತದ ಗುರುತು ಇವತ್ತಿಗೂ ಇದೆ, ಬೇಕಾದರೆ ತೋರಿಸುತ್ತೇನೆ. ಧೈರ್ಯ ತಂದುಕೊಂಡು ಮತ್ತೊಂದು ಸಲ ಕೂಗಿದೆ. ಒಳಗಿನಿಂದ ಒಂದು ಮುದಿ ದನಿ ಸಣ್ಣಗೆ, ಹಾಡಿನಂತೆ, ಅಳತೊಡಗಿತು. ನಾವು ಹಿರಿಯರಿಗೆ ತಕ್ಕ ಗಾಂಭೀರ್ಯದಿಂದಲೇ ಹಿಂತಿರುಗಿದೆವು. ಎದುರು ಗಾಳಿಗೆ ಟೈ ಬೆನ್ನ ಮೇಲೆ ಹಾರುತ್ತಿತ್ತು, ಅಷ್ಟೆ.

ಚಾಂದಬಿಯ ಅಂಗಡಿಯಲ್ಲಿ ನಾನು ಈ ದೆವ್ವದ ಮನೆಯ ವರದಿ ಒಪ್ಪಿಸಿದೆ. ನನ್ನ ವರದಿಯಲ್ಲಿ ಕೊಡದ ನೀರು ತಾನೇ ಕುದಿಯುತ್ತಿತ್ತು. ಅವಳು ನಗಲಿಲ್ಲ.

"ಎಷ್ಟ್ ಸಲ ಕರದ್ರಿ?"

"ಒಂದೇ ಸಲ. ಮರ್ಯಾದೆಯಿಂದ."

"ಸುಡ್ಲಿ ನಿಮ್ಮ ಮರ್ಯಾದಿ. ಸತ್ತ ಮನಿ ಮುಂದ ಮೂರ್ ಸಲ ಕರೀಬೇಕು. ಒಮ್ಮೆ ಕರದ್ರ ಇಲ್ಲಿ ಯಾರೂ ಓ ಅನ್ನಂಗಿಲ್ಲ. ಒಮ್ಮೆ ಕರಿಯಾವ ಸತ್ತವ. ಮೂರ್ ಸಲ ಕರಿಯಾಕ ಅವಗ ಉಸರ ಎಲ್ಲಿರ್ತದ? ಹೆಂಗ್ ಕರದ್ರಿ, ಕರೀರಿ ನೋಡೂನು."

ನಾನು ಹೆಮ್ಮೆಯಿಂದ ಆ ದನಿ ತೆಗೆದೆ. ಅವಳು ಕೈಯ ಚಹಾ ಕೆಳಗಿಟ್ಟಳು.

"ಯಾ ಅಲ್ಲಾ," ಅಂದಳು, "ಮಲ್ಲಪ್ಪಂದೇ ದನಿ."

ನಡು ಮಧ್ಯಾಹ್ನ, ಸತ್ತವನ ದನಿ, ಹೊಸ್ತಿಲಲ್ಲಿ ತಾನಾಗಿ ಬಂದು ಕುಳಿತ ನೀರು. ಎರಡು ದಿನದಿಂದ ನಾವು ಆ ಮನೆಯಲ್ಲಿ ದೆವ್ವ ಹುಡುಕುತ್ತಿದ್ದೆವು, ಆ ಮನೆಯವರು ನಮ್ಮನ್ನು ಕಂಡುಕೊಂಡಿದ್ದರು. ಮುದುಕಿ ಇನ್ನೂ ಬಾವಿಗೆ ಹೋಗುತ್ತಾಳಾ ಎಂದು ಕೇಳಿದೆ.

"ಮತ್ತೇನ್ ದೆವ್ವ ತಂದ ನೀರ್ ಕುಡೀತಾಳೇನು? ಇವತ್ತ ಹೊತ್ತ ಹುಟ್ಟೋ ಮುಂದ ಮೆಟ್ಟಲ ಜಾರಿ ಮೊಣಕಾಲ ಕೆತ್ತಕೊಂಡ ಬಂದಾಳ. ಅಷ್ಟಕ್ಕ ಉಳದಾಳ, ನಸೀಬ."

ಮಾರನೆಯ ದಿನ ಆಳಂದದ ಬಸ್ಸು ಕೆಟ್ಟು ನಿಂತು, ನಾವು ಮಟಕಿ ಮುಟ್ಟಿದ್ದೇ ಮಧ್ಯಾಹ್ನ. ಈ ಸಲ ನನ್ನ ಸ್ವಂತ ದನಿಯಲ್ಲಿ ಕೂಗಿದೆ, ಅದು ನಡುವೆ ಒಡೆದು ಕೋಳಿಮರಿಯಾಗುವ ದನಿ. ಒಂದು. ಓಣಿ ಕಿವಿಗೊಟ್ಟಿತು. ಎರಡು. ಪಾತ್ರೆ ಸದ್ದು ನಿಂತಿತು. ಮೂರನೆಯದಕ್ಕೆ ಅಗುಳಿ ಸರಿಯಿತು. ಮುದುಕಿ ಎರಡೂ ಕೈ ಚಾಚಿ ನನ್ನ ಮುಖ ತಡವಿದಳು. ಹಣೆ, ಮೂಗು, ಕೊನೆಗೆ ಮೇಲ್ದುಟಿಯ ಮೇಲೆ ಬೆರಳು ನಿಂತಿತು.

"ಮೀಸಿ ಇಲ್ಲ, ನೀಲಾ," ಅಂದಳು ಒಳಗೆ ತಿರುಗಿ. "ಇವ ಬ್ಯಾರೆದಾವ." ಅವಳಿಗೆ ಭಯ ಹೋಯಿತೋ, ಆಸೆ ಹೋಯಿತೋ, ಆ ದನಿಯಲ್ಲಿ ತಿಳಿಯಲಿಲ್ಲ. ಮೀಸೆ ಇಲ್ಲದ್ದಕ್ಕೆ ನಾನು ದೇವರಿಗೆ ವಂದಿಸಿದ್ದು ಅದೊಂದೇ ಸಲ.

ನಾವು ಹಂಡೆಗೆ ನೀರು ಸುರಿದೆವು. ಮಂಚದ ಮೇಲೆ, ಕಟ್ಟು ಹಾಕಿದ ಕಾಲು ಚಾಚಿ ನೀಲವ್ವ ಮಲಗಿದ್ದಳು. ನನ್ನನ್ನೇ ನೋಡಿ ಕೇಳಿದಳು: "ಇವತ್ತ ಮುಂಜಾನೆನೂ ಒಮ್ಮೆ ಕರದು ಹೋದವ್ರು ನೀವೇ ಹೌದಲ್ರಿ?"

ಮುಂಜಾನೆ ನಾವು ಕೆಟ್ಟ ಬಸ್ಸನ್ನು ತಳ್ಳುತ್ತಿದ್ದೆವು. ಮುದುಕಿಯ ಬೆರಳು ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಹುಟ್ಟಿದಾಗಿನಿಂದ ಬಾಯಿ ಮುಚ್ಚಿ ಗೊತ್ತಿಲ್ಲದ ನಾನು ಇದ್ದದ್ದು ಇದ್ದ ಹಾಗೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಬಾಬು, "ಹೌದ್ರಿ" ಅಂದ.

ನೀಲವ್ವ ಉಸಿರು ಬಿಟ್ಟು ದಿಂಬಿಗೆ ಒರಗಿದಳು. ಮುದುಕಿಯ ಕೈ ಚೌಕಟ್ಟಿನಿಂದ ಕೆಳಗಿಳಿಯಿತು. "ಇನ್ನ ಮ್ಯಾಲ ಮೂರ್ ಸಲ ಕರೀರಪ್ಪಾ, ಜೀವ ಹೋಗ್ತದ," ಅಂದು, ಹಂಡೆಯಿಂದ ಒಂದು ಚೆಂಬು ಬಗ್ಗಿಸಿ ನಮ್ಮ ಮುಂದೆಯೇ ಗಟಗಟ ಕುಡಿದಳು. ಅವತ್ತಿನಿಂದ ಅವಳು ಬಾವಿಗೆ ಇಳಿಯಲಿಲ್ಲ.

ದಾರಿಯಲ್ಲಿ ಬಾಬುವನ್ನು ಹಿಡಿದು ನಿಲ್ಲಿಸಿದೆ. "ಅವಳು ಏನು ಕೇಳಿದಳೆಂದು ನಿನಗೆ ಅರ್ಥವಾಗಿತ್ತಾ?" ಖಾಲಿ ಕೊಡವನ್ನು ಹೆಗಲಿನಿಂದ ಹೆಗಲಿಗೆ ಬದಲಿಸಿಕೊಂಡು ಅವನು "ಹೌದ್ರಿ" ಅಂದ. ಅರ್ಥವಾಗಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ನೋಡಿ, ಇಷ್ಟೆಲ್ಲ ಹೇಳಿ ಮುಗಿಸಿದರೂ ಎರಡನೇ ಕೂಗು ಬಂದಿಲ್ಲ. ಕಿಟಕಿಯಿಂದ ಗೇಟು ಕಾಣುತ್ತದೆ. ಅಲ್ಲಿ ಬಿಸಿಲು ಬಿಟ್ಟರೆ ಏನಿಲ್ಲ. ಅಮ್ಮನನ್ನು ಶಾಂತೂ ಅನ್ನುತ್ತಿದ್ದವಳು ಅಜ್ಜಿಯೊಬ್ಬಳೇ. ಅವಳನ್ನು ಮಣ್ಣು ಮಾಡಿ ಬಂದು ವಾರವಾಯಿತು.

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಾಳೆ. ಕೈಯಲ್ಲಿ ಸಾಸಿವೆ ಡಬ್ಬಿ.

"ನೀನೇ ಅಲ್ವೇನೋ ಕೂಗಿದ್ದು? ಎಲ್ಲರ ದನಿ ತೆಗೀತೀಯಲ್ಲ ನೀನು."

ಬಾಯಿ ತೆರೆದೆ.

"ಹೌದಮ್ಮ," ಅಂದೆ. "ನಾನೇ."

"ಕತ್ತೆ," ಅಂದು ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಸಾಸಿವೆ ಸಿಡಿಯಿತು. ನಾನು ಎದ್ದು ಕುರ್ಚಿಯನ್ನು ಗೇಟಿಗೆ ಬೆನ್ನಾಗಿ ತಿರುಗಿಸಿಕೊಂಡು ಕುಳಿತೆ.