ಹೂಳಿನ ಕೆಳಗೆ ಕುಳಿತವಳು

ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಮನೆಯವರು ಹೊಲದಿಂದ ಬಂದವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು.

“ಭೀಮಾ ನದ್ಯಾಗಿನ ಹೂಳ ತೆಗೀತಾರಂತ. ಹಳ್ಳದ ದಂಡಿ ಸರಕಾರಿ ಪಡ ಬಿದ್ದ ಜಾಗಾದಾಗ ಹಾಕ್ತಾರಂತ. ನಿನ್ನಿ ಎಂಜಿನಿಯರಿಗೆ ನಾನೇ ಜಾಗಾ ತೋರಿಸೇನಿ.”

“ಅಲ್ಲಿ ನಮ್ಮ ಕೂಸು ಅದಾಳಲ್ರಿ!”

“ಬಾವಿ ಅದ ಏನು, ಗುಡಿ ಅದ ಏನು ಅಂತ ಕೇಳಿದ್ರು. ಇಲ್ರಿ ಅಂದೆ.”

“ಮಗಳು ಅದಾಳಂತ ಹೇಳಾಕ ನಿಮ್ಮ ಬಾಯಿಗೇನಾಗಿತ್ತು?”

ಅವರು ಹೊಸ್ತಿಲ ಮೇಲೆ ಕೂತರು. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ತೀರಿಹೋದ ಸಣ್ಣವರ ಮಣ್ಣಿನ ಮೇಲೆ ಗದ್ದುಗೆ ಕಟ್ಟುವುದು ನಮ್ಮ ಮನೆತನದಲ್ಲಿಲ್ಲ. ಅಲ್ಲೊಂದು ಕಲ್ಲೂ ಇಲ್ಲ, ಬಾರಿಗಿಡವೊಂದೇ ಗುರುತು. ಸೋಮವಾರ ಸೋಮವಾರ ಅದರ ಬುಡದಲ್ಲಿ ಒಂದು ಬಿಲ್ವಪತ್ರಿ ಇಟ್ಟು ಬರುತ್ತಿದ್ದೆ.

ಇಬ್ಬರೂ ಓಡಿದೆವು. ಎಂಜಿನಿಯರು ಸುಣ್ಣದ ಗೆರೆ ಹಾಕಿಸುತ್ತಿದ್ದರು. ಸುತ್ತ ಮಣ್ಣಿನ ಒಡ್ಡು ಬರುತ್ತದೆ, ಒಳಗೆ ನದಿಯ ರಾಡಿ ಬಿಡುತ್ತಾರೆ. ರಾಡಿ ತಳಕ್ಕಿಳಿದ ಮೇಲೆ ತಿಳಿನೀರು ಹಳ್ಳಕ್ಕೆ ಹೋಗುತ್ತದೆ ಎಂದು ವಿವರಿಸಿದರು. ಒಡ್ಡಿನ ಬುನಾದಿ ಅಗೆಯುವ ಗೆರೆ ಬಾರಿಗಿಡದ ಬುಡದಲ್ಲೇ ಹಾದುಹೋಗಿತ್ತು.

“ಅಣ್ಣಾರ, ಇಲ್ಲಿ ನನ್ನ ಮಗಳು ಕುಂತಾಳ್ರಿ.”

ಅವರು ಸುತ್ತಮುತ್ತ ನೋಡಿದರು. ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆಂದು ನಮ್ಮ ಮನೆಯವರು ತಲೆ ತಗ್ಗಿಸಿ ಹೇಳಿದರು.

“ಎಷ್ಟು ದೊಡ್ಡಾಕಿ ಇದ್ಳ್ರಿ, ಅವ್ವಾರ?”

“ಸಾಲ್ಯಾಗ ಎರಡನೇ ಇಯತ್ತಾಕ್ಕ ಹೋಗ್ತಿದ್ಳ್ರಿ.”

ಅವರು ನಕ್ಷೆ ಮಡಚಿ ಹಿಡಿದುಕೊಂಡರು. “ಜಾಗಾ ಬದಲಾಗಂಗಿಲ್ರಿ. ಸುತ್ತೆಲ್ಲ ಬೆಳಿ ಹೊಲ.”

“ಗೆರಿ ಈ ಕಡೆ ಸರಸ್ರಿ. ಆಕಿ ಹೊರಗ ಉಳೀಲಿ.”

“ಒಡ್ಡಿನ ಹೊರಗ ಬಸಿನೀರಿಗೆ ಗಟಾರ ಅಗೀಬೇಕ್ರಿ. ಅದು ಆಕಿ ಮ್ಯಾಲೇ ಬರ್ತದ. ಒಡ್ಡು ಆ ಕಡೆ ಸರಿಸಿದ್ರ ಆಕಿ ಒಳಗ ಬರ್ತಾಳ. ಅಗಿಯಂಗಿಲ್ಲ. ಆದ್ರ ರಾಡಿ ಬೀಳ್ತದ.”

“ಎಷ್ಟು ಮ್ಯಾಲ ಬರ್ತದ್ರಿ?”

ಅವರು ತಮ್ಮ ತಲೆಗಿಂತ ಮೇಲಕ್ಕೆ ಕೈ ಎತ್ತಿ ತೋರಿಸಿದರು.

ನಮ್ಮ ಮನೆಯವರು ನನ್ನ ಮುಖ ನೋಡಿದರು. ಹಾರೆ ತಾಕಿದರೆ ಕೂತವಳು ಏಳುತ್ತಾಳೆ, ರಾಡಿ ಬಿದ್ದರೆ ಇನ್ನೂ ಆಳಕ್ಕೆ ಹೋಗುತ್ತಾಳೆ. ತಾಯಿಯಾದವಳು ಇದರಲ್ಲಿ ಒಂದನ್ನು ಆರಿಸಬೇಕು.

“ಒಳಗೇ ಇರ್ಲಿ ಬಿಡ್ರಿ,” ಎಂದೆ.

ಆಳೊಬ್ಬ ಕಾಲಿನಿಂದ ಸುಣ್ಣ ಅಳಿಸಿ ಬಾರಿಗಿಡದ ಆಚೆ ಹೊಸ ಗೆರೆ ಎಳೆದ. ಸೋಮವಾರವಲ್ಲದಿದ್ದರೂ ಹಳ್ಳದ ದಂಡೆಯ ಗಿಡದಿಂದ ಪತ್ರಿ ಹರಿದು ತಂದು ಬುಡದಲ್ಲಿಟ್ಟೆ. ಮುಂದಿನ ಸೋಮವಾರ ಎಲ್ಲಿಡಬೇಕೋ ಗೊತ್ತಿಲ್ಲ. ಅವಳಿಗೆ ಹಾರೆಯ ಪೆಟ್ಟು ಬೀಳುವುದಿಲ್ಲ. ಶಿವ ಇಷ್ಟಾದರೂ ಉಳಿಸಿದ. ಇದನ್ನೂ ದಯೆ ಎಂದು ಎಣಿಸಿಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ.

ಮನೆಗೆ ಬಂದರೆ ಪರಾತದಲ್ಲಿ ಹಿಟ್ಟು ಒಣಗಿ ಬಿರಿದಿತ್ತು. ಬಿಸಿನೀರು ಚಿಮುಕಿಸಿ ಮತ್ತೆ ನಾದಲು ಕುಳಿತೆ.