ಎರಡನೇ ಗುಂಪಿನ ಹುಡುಗಿ

ತಮ್ಮ ಮೈಗೆ ತಾವೇ ಗಾಯ ಮಾಡಿಕೊಳ್ಳುವ ಹದಿಹರೆಯದ ಹುಡುಗಿಯರಿಗೆ ಯಾವ ಚಿಕಿತ್ಸೆ ಫಲ ಕೊಡುತ್ತದೆ? ಕೊಲ್ಹಾಪುರದಲ್ಲಿ ಎಂ.ಎ. ಓದುವಾಗ ನನ್ನ ಪ್ರಬಂಧದ ವಿಷಯ ಇದಾಗಿತ್ತು.

ಗಡಹಿಂಗ್ಲಜದ ವ್ಯಾಪಾರಿಯೊಬ್ಬರ ಮಗಳನ್ನು ಮೊದಲ ಸಲ ಕಂಡಾಗ ಅವಳ ಶಾಲೆ ಬಿಡಿಸಿದ್ದರು. ತೋಳಿನ ಗಾಯಕ್ಕೆ ತಾಯಿ ‘ಬಿದ್ದಾಳ್ರಿ’ ಎಂದಳು. ಹುಡುಗಿ ಮಾತ್ರ ನನ್ನೆದುರು ಒಂದು ತಾಸು ಮಾತಾಡಿದಳು. ಹೊರಡುವಾಗ ಕೇಳಿದಳು:

“ಅಕ್ಕಾರ, ಮತ್ತ ಬರತೀರಲ್ಲ?”

“ಬರತೇನಿ,” ಎಂದೆ.

ಕೆಲವು ಹುಡುಗಿಯರ ಮನೆಗೆ ವಾರಕ್ಕೊಮ್ಮೆ ಹೋಗಿ ಅವರ ಮಾತು ಕೇಳುವುದೇ ನನ್ನ ಚಿಕಿತ್ಸೆ. ಹೋಲಿಕೆಗಾಗಿ ಎರಡನೇ ಗುಂಪು ಇರಬೇಕು, ಆರು ತಿಂಗಳು ಅವರತ್ತ ಸುಳಿಯಬಾರದು ಎಂದರು ಮಾರ್ಗದರ್ಶಕರು. ಚೀಟಿ ಎತ್ತಿದೆವು. ಮಡಿಸಿದವಳು ನಾನೇ. ಗಡಹಿಂಗ್ಲಜದವಳು ಎರಡನೇ ಗುಂಪಿಗೆ ಬಂದಳು.

ಇಚಲಕರಂಜಿಯ ಹುಡುಗಿ ಮೊದಲ ಗುಂಪಿನವಳು. ಗುರುವಾರ ಬಾಗಿಲಲ್ಲೇ ನಿಂತು, “ತಡಾ ಮಾಡಿದ್ರಿ, ದಂಡಾ ಕೊಡ್ರಿ!” ಎಂದು ಜಗಳ ತೆಗೆಯುತ್ತಿದ್ದಳು. ಅವಳ ಗಾಯಗಳು ಮಾಯುತ್ತಿದ್ದವು.

ಗಡಹಿಂಗ್ಲಜದಿಂದ ಕಾರ್ಡು ಬಂತು: “ಅಕ್ಕಾರ, ಹೇಳೂದೈತಿ. ಬರ್ರಿ.” ತಿಂಗಳಾದ ಮೇಲೆ ಇನ್ನೊಂದು. ಮಾರ್ಗದರ್ಶಕರಿಗೆ ತೋರಿಸಿದೆ. “ಥಾಂಬಾ, ತಡೆಯಿರಿ! ಉತ್ತರ ಬರೆದರೆ ಹೋಲಿಕೆ ಕೆಡುತ್ತದೆ,” ಎಂದರು. ಎರಡನ್ನೂ ಫೈಲಿನಲ್ಲಿಟ್ಟೆ. ಅವರು ಹೇಳಿದ್ದು ಸರಿ ಎಂದೇ ಆಗ ನನಗೂ ಅನಿಸಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಆರು ತಿಂಗಳು ತುಂಬಿದ ದಿನ ಹೋದೆ. ಅವಳು ತವರಿಗೆ ಬಂದಿದ್ದಳು. ಕೊರಳಲ್ಲಿ ತಾಳಿ, ಎರಡೂ ಕೈಗೆ ಮೊಣಕೈವರೆಗೆ ಹಸಿರು ಬಳೆ.

“ಲಗ್ನಾ ಮಾಡಿದ್ರ ನೆಟ್ಟಗಾಗತಾಳಂತ ಮಂದಿ ಅಂದ್ರು. ಮಾಡಿಬಿಟ್ವಿ,” ಎಂದಳು ತಾಯಿ. “ನೀವರ ಬಂದಿದ್ರ, ಕಲತಾಕಿ ಬ್ಯಾಡಂದಾಳಂತ ನಮ್ಮ ಮಾಲಕರಿಗೆ, ಇಕಿ ಅಪ್ಪಗ, ಹೇಳತಿದ್ನಿ. ನನ್ನ ಮಾತ ಯಾರ ಕೇಳತಾರ?”

ನಾನು ನಮೂನೆ ತೆರೆದೆ. ಹೊಸ ಗಾಯಗಳಿವೆಯೆ ಎಂದು ನೋಡಿ ಬರೆಯಬೇಕಿತ್ತು. ಕೈ ಚಾಚಲು ಹೇಳಿದೆ. ಬಳೆಗಳ ನಡುವೆ ಚರ್ಮ ಕಾಣಲಿಲ್ಲ.

“ಮದಿವಿ ಬಳಿ ತಗೀಬಾರದಂತ, ಅಕ್ಕಾರ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಏನೋ ಹೇಳೂದೈತಿ ಅಂತ ಬರದಿದ್ದಿ...”

“ಅದು ಆವಾಗ್ರಿ.” ಕೈ ಸೆರಗಿನೊಳಗೆ ಎಳೆದುಕೊಂಡಳು. “ನಿಮ್ಮ ಪರೀಕ್ಷಾ ಪಾಸಾತೇನ್ರಿ?”

“ಆಗತೈತಿ,” ಎಂದೆ.

ಆಯಿತು ಕೂಡ. ಪ್ರಬಂಧದಲ್ಲಿ ಅವಳ ಹೆಸರಿನ ಮುಂದೆ ‘ಮಾಹಿತಿ ದೊರೆತಿಲ್ಲ’ ಎಂದಿದೆ. ಅಕ್ಷರ ನನ್ನದೇ.