ಮಾಂಜ್ರಾ ದಾಟಿಸಿದ ಮಾಸ್ತರರು

ಮಾಸ್ತರರ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಸುಟ್ಟ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಹೇಗೆ ಸುಟ್ಟಿತೆಂದು ಊರಲ್ಲಿ ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಭಾಲ್ಕಿ ಕಡೆಯ ಮಾಂಜ್ರಾ ಹೊಳೆ ದಂಡೆಯ ಊರು ನಮ್ಮದು. ನಿಜಾಮರ ಕಾಲದ ಉರ್ದು ಸಾಲಿ. ಮಾಸ್ತರರು ಬೀದರದ ಮುಸಲ್ಮಾನರು. ಪುಸ್ತಕ ಉರ್ದುವಿನಲ್ಲಿ ಓದಿ, ನನಗೂ ಅಕ್ಕನಿಗೂ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಅವರಿಗೆ ಬಲು ಪ್ರೀತಿಯ ಪಾಠ ಜರ್ಮನಿಯ ಲೆಖ್ ಹೊಳೆಯ ಕಾಳಗ. ಆಚೆ ದಂಡೆಗೆ ಎಪ್ಪತ್ತು ದಾಟಿದ ಸೇನಾಪತಿ, ಅವನ ತೋಪುಗಳು. ಈಚೆಗೆ ಸ್ವೀಡನ್ನಿನ ರಾಜ. ಹಸಿ ಹುಲ್ಲು ಸುಟ್ಟು, ಹೊಗೆಯ ಮರೆಯಲ್ಲಿ ಸೇತುವೆ ಹಾಕಿ ದಾಟಿದನಂತೆ. ಮುದುಕ ಕಾಲಿಗೆ ಗುಂಡು ತಗುಲಿ ಸತ್ತ; ಗೆದ್ದವರ ಹೆಣಗಳೂ ತೇಲಿದವು. “ಹೊಳಿ ಪುಕ್ಕಟ ದಾಟಸಂಗಿಲ್ಲ, ಬೇಟಾ,” ಎಂದು ಪಾಠ ಮುಗಿಸುತ್ತಿದ್ದರು.

ಪೊಲೀಸ್ ಆ್ಯಕ್ಷನ್ನಿಗೆ ಮುಂಚಿನ ಶ್ರಾವಣ. ಹೊಳೆಯ ಮೇಲಿನ ದಿನ್ನೆಯಲ್ಲಿ, ನಿಜಾಮರ ಹೆಸರಲ್ಲಿ ಊರೂರು ಸುಲಿಯುತ್ತಿದ್ದ ರಜಾಕಾರರು ಬಂದೂಕು ಹಿಡಿದು ಕೂತಿದ್ದರು. ನಾವು ಹೇಗಾದರೂ ಹೊಳೆ ದಾಟಿ ಎಕಂಬಾದ ಸೋದರಮಾವನ ಮನೆ ಸೇರಬೇಕು. ಇದ್ದದ್ದು ಬೆಲ್ಲ ಕಾಯಿಸುವ ಒಂದು ಕಡಾಯಿ. ಹೊಳೆ ತುಂಬಿದರೆ ನಮ್ಮ ಕಡೆ ಅದೇ ದೋಣಿ.

“ಹ್ಯಾಂಗ ದಾಟೋದ್ರಿ? ಹಕ್ಕಿ ಹೊಡದಂಗ ಹೊಡೀತಾರ,” ಎಂದ ಅಪ್ಪ.

“ಹಸಿ ಕಣಕಿ ಸುಡೋಣ,” ಎಂದರು ಮಾಸ್ತರರು. “ಆ ಪಾಠ ಹೇಳಿದಾಂವ ನಾನೇ ಅಲ್ಲೇನ್ರಿ?”

ಮಳೆಗೆ ತೊಯ್ದ ಜೋಳದ ದಂಟಿನ ಕಣಕಿಗೆ ದಂಡೆಗುಂಟ ಬೆಂಕಿ ಹಚ್ಚಿದರು. ಬಗ್ಗಿ ಊದುವಾಗಲೇ ಹುಬ್ಬು ಸುಟ್ಟದ್ದು. ಅಪ್ಪ ಈಜುತ್ತ ಕಡಾಯಿ ತಳ್ಳಿದ. ಮೊದಲ ಸರ್ತಿ ಅವ್ವ, ನಾನು ದಾಟಿದೆವು. ಎರಡನೇ ಸರ್ತಿ ಅಕ್ಕ. ನಡುಹೊಳೆಯಲ್ಲಿ ಗಾಳಿ ತಿರುಗಿತು. ಹೊಗೆಯೆಲ್ಲ ಕಡಾಯಿಗೇ ಕವಿದು, ದಿಕ್ಕು ತಪ್ಪಿ, ಬಂಡೆಗೆ ಬಡಿದು ಮಗುಚಿತು. ಅಪ್ಪ ಈಜಿ ಬಂದ. ಅಕ್ಕ ಬರಲಿಲ್ಲ.

ಮುಂದೆ ಭಾರತದ ಲಷ್ಕರು ಬಂತು, ನಿಜಾಮರ ರಾಜ್ಯ ಹೋಯಿತು. ನಾವು ಊರಿಗೆ ಮರಳಿದರೆ, ರಜಾಕಾರರ ಮೇಲಿನ ಸೇಡನ್ನು ಸಿಕ್ಕ ಮುಸಲ್ಮಾನರ ಮೇಲೆ ತೀರಿಸಲು ಮಾಸ್ತರರ ಬಾಗಿಲಿಗೆ ಕೊಡಲಿ ಹಿಡಿದ ಮಂದಿ.

“ನಿನ್ನ ಮಗಳನ್ನ ಮುಳುಗಿಸಿದಾಂವ ಇವನೇ ಅಲ್ಲೇನವ್ವಾ? ಸರಿ ಆಕಡಿ!”

ಅವ್ವ ಅವರ ಹೊಸ್ತಿಲ ಮೇಲೆ ಕೂತೇಬಿಟ್ಟಳು. “ಸತ್ತಾಕಿ ನನ್ನ ಮಗಳು. ಜವಾಬು ಕೇಳೋದಿದ್ರ ನಾ ಕೇಳ್ತೇನಿ. ನೀವ್ಯಾರೋ?”

ಸಂಜೆತನಕ ಏಳಲಿಲ್ಲ. ಮಂದಿ ಬೈಯುತ್ತ ಚದುರಿತು. ಮಾಸ್ತರರನ್ನು ಮನೆಗೆ ಕರೆತಂದು ರೊಟ್ಟಿ ಬಡಿಸಿದಳು. ಅವರು ತುತ್ತು ಮುರಿಯಲಿಲ್ಲ.

“ಗಾಳಿ ತಿರುಗೋದು ಪಾಠದಾಗ ಇರಲಿಲ್ಲ ತಾಯಿ. ನನ್ನ ಮ್ಯಾಲ ಸಿಟ್ಟದ ಏನ್ರಿ?”

“ಅದ ರೀ,” ಎಂದಳು ಅವ್ವ. “ಉಣ್ರಿ.”

ಆಮೇಲೂ ಅವರು ವರ್ಷಗಟ್ಟಲೆ ನಮ್ಮೂರಲ್ಲೇ ಇದ್ದರು. ಲೆಖ್ ಹೊಳೆಯ ಪಾಠ ಮಾತ್ರ ಮತ್ತೆ ಹೇಳಲಿಲ್ಲ. ಇಂದು ಪೂಜೆಗೆ ಕೂತು ನಾನು ವಚನ ಓದುವ ಕನ್ನಡ ಅಕ್ಷರವೂ ಅವರೇ ತಿದ್ದಿಸಿದ್ದು. ಶಿವನ ದಯೆ ಎಣಿಸುತ್ತೇನೆ: ಅಪ್ಪ ಉಳಿದ, ಅವ್ವ ಉಳಿದಳು, ನಾನು ಉಳಿದೆ. ನಾಲ್ಕನೇ ಬೆರಳು ಮಡಚಲು ಬಾರದು.

ಬೀದರದ ಮಗಳ ಮನೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಅವ್ವ ಹಿಟ್ಟು ನಾದುತ್ತಿದ್ದಳು. ಕೈ ತೊಳೆದು, ಉರಿಯುವ ಒಲೆಗೆ ನೀರು ಚೆಲ್ಲಿದಳು. ನಮ್ಮಲ್ಲಿ ಮನೆಯವರು ಸತ್ತ ದಿನ ಮಾತ್ರ ಒಲೆ ಆರಿಸುತ್ತಾರೆ.

“ಅವರೇನು ನಿಮ್ಮವರಾ?” ಎಂದಳು ನೆರೆಮನೆಯಾಕೆ.

“ಇಷ್ಟು ವರ್ಷ ಸಿಟ್ಟು ಹೊರಗಿನವರ ಮ್ಯಾಲ ಇಟ್ಕೋತಾರೇನು ತಂಗಿ?”

ಆ ದಿನ ಮನೆಮಂದಿಯೆಲ್ಲ ಉಪವಾಸವಿದ್ದೆವು.